ಮಲೆನಾಡ ಮನೆಯಿಂದ ಹಪ್ಪಳ, ಉಪ್ಪಿನಕಾಯಿ ಮಾರೋದು ಹೆಂಗೆ: ರಷ್ಯಾದ ತತ್ಯಾನಾ ಹಿಡಿದ ದಾರಿ ನೋಡ್ಕೊಂಡು

ನಮ್ಮ ಹೊಸನಗರ ಕಡೆ ಹೆಂಗಸ್ರು ನಂಗೆ ಫೋನ್ ಮಾಡಿ ಕೇಳೋದು ಒಂದೇ ಮಾತು, "ಅಕ್ಕಾ, ಹಪ್ಪಳ ಸಂಡಿಗೆ ನಾವೂ ಮಾಡ್ತೀವಿ, ನಿಮ್ಮಂಗೆ ಬೆಂಗ್ಳೂರಿಗೆ ಕಳ್ಸೋದು ಹೆಂಗೆ, ಎಲ್ಲಿಂದ ಶುರು ಮಾಡ್ಬೇಕು ಹೇಳಿ." ಒಬ್ಬೊಬ್ರಿಗೂ ಅರ್ಧ ಗಂಟೆ ಹೇಳ್ತೀನಿ, ಆದ್ರೂ ಏನಾದ್ರೊಂದು ಬಿಟ್ಟೋಗಿರುತ್ತೆ, ಆಮೇಲೆ ನೆನಪಾಗಿ ಮತ್ತೆ ನಾನೇ ಫೋನ್ ಮಾಡೋದು. ಅದಕ್ಕೆ ಎಲ್ಲಾ ಒಂದ್ಕಡೆ ಬರೆದಿಡೋಣ ಅಂತ ಕೂತೆ. ಹಪ್ಪಳದ ಲೆಕ್ಕಕ್ಕೆ ಬರೋ ಮುಂಚೆ ಒಬ್ಬ ಹೆಂಗಸಿನ ಕತೆ ಹೇಳ್ಬೇಕು, ಯಾಕಂದ್ರೆ ನಾನು ಈ ಕೆಲಸಕ್ಕೆ ಧೈರ್ಯ ಮಾಡಿದ್ದೇ ಆ ಕತೆ ಓದಿ, ಆಷಾಢದ ಮಳೆಲಿ, ಮಗ ಐದು ತಿಂಗಳ ಕೂಸು, ಮೂರು ದಿನದಿಂದ ಕರೆಂಟಿಲ್ಲ, ಮೊಬೈಲಲ್ಲಿ ಉಳಿದಿದ್ದ ಚೂರು ಚಾರ್ಜಲ್ಲಿ ಓದಿದ್ದು.

ಅವಳ ಹೆಸರು ತತ್ಯಾನಾ ಬಕಲ್ಚುಕ್. ಹುಟ್ಟಿದ್ದು 1975ರಲ್ಲಿ, ಗ್ರೋಜ್ನಿ ಅನ್ನೋ ಊರಲ್ಲಿ, ಕೊರಿಯಾ ಮೂಲದ ಕುಟುಂಬ, ತವರಿನ ಹೆಸರು ಕಿಮ್. ಮಾಸ್ಕೋ ಹತ್ರ ಕೊಲೋಮ್ನಾ ಅನ್ನೋ ಊರಲ್ಲಿ ಟೀಚರ್ ಆಗೋ ಓದು ಓದಿ ಇಂಗ್ಲಿಷ್ ಪಾಠ ಹೇಳ್ಕೊಂಡಿದ್ಲು. 2004ರಲ್ಲಿ 28 ವಯಸ್ಸು, ಬಾಣಂತಿ ರಜೆ, ಮನೇಲಿ ಪುಟ್ಟ ಮಗು. ಮಗೂನ ಬಿಟ್ಟು ಅಂಗಡಿಗೆ ಹೋಗಿ ಬಟ್ಟೆ ತರೋದೇ ಕಷ್ಟ ಆಯ್ತಲ್ಲ, ಆಗ ಅವಳಿಗೆ ಅನ್ನಿಸ್ತು, ನಂಗೆ ಹಿಂಗಾದ್ರೆ ನನ್ನಂಗೆ ಇರೋ ಉಳಿದ ತಾಯಂದ್ರಿಗೂ ಹಿಂಗೇ ತಾನೇ ಅಂತ. ಜರ್ಮನಿಯ ಒಟ್ಟೋ, ಕ್ವೆಲ್ಲೆ ಅನ್ನೋ ಕಂಪನಿಗಳ ಕ್ಯಾಟಲಾಗ್ ನೋಡಿ ಆರ್ಡರ್ ತಗೊಂಡು ಬಟ್ಟೆ ತರಿಸಿಕೊಡೋಕೆ ಶುರು ಮಾಡಿದ್ಲು. ಗೋಡೌನ್ ಅಂತ ಬೇರೆ ಇರ್ಲಿಲ್ಲ, ಇದ್ದ ಫ್ಲ್ಯಾಟೇ ಗೋಡೌನ್, ಪಾರ್ಸಲ್ ಹೊತ್ಕೊಂಡು ಬರೋದು ಬಸ್ಸು ಮೆಟ್ರೋದಲ್ಲಿ. ಗಂಡ ವ್ಲಾದಿಸ್ಲಾವ್ ಕಂಪ್ಯೂಟರ್ ಕೆಲಸ ಗೊತ್ತಿದ್ದವನು, ವೆಬ್‌ಸೈಟ್ ಕೆಲಸ ಅವನು ನೋಡ್ಕೊಂಡ. ಅಂಗಡಿ ಹೆಸರು ವೈಲ್ಡ್‌ಬೆರೀಸ್, ಅಂದ್ರೆ ಕಾಡಹಣ್ಣು. ಕೌಳಿಹಣ್ಣು, ಬಿಕ್ಕೆಹಣ್ಣು, ಸಂಪಿಗೆಹಣ್ಣು ಕಿತ್ಕೊಂಡು ತಿಂದು ಬೆಳೆದ ನಂಗೆ ಆ ಹೆಸರು ನೋಡಿದ ಕೂಡ್ಲೆ ಇದು ನಮ್ಮ ಕಡೆಯೋರದೇ ಇರ್ಬೇಕು ಅನ್ನಿಸಿಬಿಟ್ಟಿತ್ತು.

2019ರಲ್ಲಿ ಫೋರ್ಬ್ಸ್ ಪತ್ರಿಕೆ ಲೆಕ್ಕದಲ್ಲಿ ರಷ್ಯಾದ ಎರಡನೇ ಮಹಿಳಾ ಡಾಲರ್ ಬಿಲಿಯನೇರ್, ಅಂದ್ರೆ ನೂರು ಕೋಟಿ ಡಾಲರ್ ಆಸ್ತಿ ಇರೋಳು, ಆದ್ಲು, ಮರುವರ್ಷ 2020ಕ್ಕೆ ಆ ದೇಶದ ಅತಿ ಶ್ರೀಮಂತ ಹೆಂಗಸು. ಅಲ್ಲಿವರೆಗೆ ನಾವು ಯಾರೂ ಹೋಗ್ಬೇಕಾಗಿಲ್ಲ, ತಿಂಗಳಿಗೆ ಮಗನ ಸ್ಕೂಲ್ ಫೀ, ಅತ್ತೆ ಮಾತ್ರೆ ಖರ್ಚು ನಮ್ಮ ಕೈಯಿಂದ ಹುಟ್ಟಿದ್ರೆ ಸಾಕು. ಅವಳು ಮೊದಲ ಐದಾರು ವರ್ಷ ಏನೇನು ಮಾಡಿದ್ಲು ಅದು ಮಾತ್ರ ನಮಗೆ ಬೇಕಾಗಿರೋದು. ಆಮೇಲೆ ಆಗಿದ್ರಲ್ಲಿ ಮಾಡಬಾರದ್ದೂ ಒಂದಷ್ಟಿದೆ, ಅದನ್ನೂ ಕೊನೆಗೆ ಹೇಳ್ತೀನಿ.

ಮೊದಲು ಆರ್ಡರ್, ಆಮೇಲೆ ಮಾಲು

ನಮ್ಮೋರು ಮಾಡೋ ಮೊದಲನೇ ತಪ್ಪು ಇದೇನೆ. ಸಂಘದಲ್ಲಿ ಐವತ್ತು ಸಾವಿರ ಸಾಲ ಎತ್ತೋದು, ಎರಡು ಸಾವಿರ ಹಪ್ಪಳ ಒತ್ತಿ ಡಬ್ಬಿಗೆ ತುಂಬೋದು, ಆಮೇಲೆ ಯಾರಿಗೆ ಮಾರೋದು ಅಂತ ಹುಡ್ಕೋದು. ಜೂನ್ ಬರುತ್ತೆ, ಮಳೆ ಹಿಡಿಯುತ್ತೆ, ಡಬ್ಬಿ ಮುಚ್ಚಳ ನಾಕು ಸಲ ತೆಗೆದು ನೋಡಿದ್ರೆ ಹಪ್ಪಳಕ್ಕೆ ಥಂಡಿ ಹಿಡಿದು ಬೂಷ್ಟು ಬರುತ್ತೆ, ಸಾಲದ ಕಂತು ಮಾತ್ರ ವಾರ ವಾರ ಕಟ್ಲೇಬೇಕು. ತತ್ಯಾನಾ ಒಂದು ಅಂಗಿ ಕೂಡ ಮೊದಲೇ ಕೊಂಡಿಟ್ಟುಕೊಳ್ಳಲಿಲ್ಲ. ಆರ್ಡರ್ ಬಂತು, ತರಿಸಿದ್ಲು, ಕೊಟ್ಲು, ಅಷ್ಟೇಯ. ಕ್ಯಾಟಲಾಗ್ ರೇಟಿನ ಮೇಲೆ 10 ಪರ್ಸೆಂಟ್ ಅವಳ ದುಡಿಮೆ.

ಹಪ್ಪಳಕ್ಕೆ ಹಂಗೆ ಆಗಲ್ವಲ್ಲ, ಮಳೆಗಾಲದಲ್ಲಿ ಆರ್ಡರ್ ಬಂದ್ರೆ ಒಣಗ್ಸೋದೆಲ್ಲಿ ಅಂತೀರಿ. ಸರಿ, ಅದಕ್ಕೆ ನಾನು ಮಾಡೋದು ಹಿಂಗೆ. ಮಾರ್ಚ್ ಹತ್ತನೇ ತಾರೀಕಿನ ಒಳಗೆ ವಾಟ್ಸಾಪಲ್ಲಿ ಗೊತ್ತಿರೋರಿಗೆಲ್ಲ ಕೇಳ್ಬಿಡ್ತೀನಿ, ಈ ವರ್ಷ ಹಲಸಿನಕಾಯಿ ಹಪ್ಪಳ ಯಾರ್ಯಾರಿಗೆ ಎಷ್ಟೆಷ್ಟು ಬೇಕು ಅಂತ. ಅಡ್ವಾನ್ಸ್ ತಗೊಳ್ಳಲ್ಲ, ಹೆಸರು ಬರ್ಕೊತೀನಿ ಅಷ್ಟೇ. ಬರೆಸಿದವರಲ್ಲಿ ನಾಕು ಜನ ಕೈಕೊಡ್ತಾರೆ, ಅದು ಗೊತ್ತಿದ್ದೇ. ಬಂದ ಲೆಕ್ಕದ ಮೇಲೆ ಒಂದು ಕಾಲು ಭಾಗ ಹೆಚ್ಚಿಗೆ ಒತ್ತೋದು, ಅದಕ್ಕಿಂತ ಜಾಸ್ತಿ ಇಲ್ಲ. ಏಪ್ರಿಲ್, ಮೇ ಬಿಸಿಲಲ್ಲಿ ಒಣಗಿಸಿ, ಮುರಿದ್ರೆ ಟಕ್ ಅನ್ನಬೇಕು, ಬಗ್ಗಿದ್ರೆ ಇನ್ನೊಂದು ದಿನ ಚಾಪೆ ಮೇಲೆ. ಮೇ ಕೊನೆ ಒಳಗೆ ಪ್ಯಾಕ್ ಆಗಿರ್ಬೇಕು, ಮಳೆ ಶುರು ಆದ್ಮೇಲೆ ಡಬ್ಬಿ ತೆಗೆದು ಪ್ಯಾಕ್ ಮಾಡ್ತಾ ಕೂರೋ ಹಂಗೇ ಇಲ್ಲ.

ಅಪ್ಪೆಮಿಡಿಗೆ, ಅಂದ್ರೆ ಉಪ್ಪಿನಕಾಯಿಗೆ ಹಾಕೋ ಎಳೆ ಮಾವಿನಮಿಡಿಗೆ, ಇನ್ನೂ ಸುಲಭ, ನಮ್ಮ ಅಜ್ಜಿಯರು ಮಾಡಿಟ್ಟ ಪದ್ಧತಿಲೇ ಇದಕ್ಕೆ ದಾರಿ ಇದೆ. ಮಿಡಿನ ತೊಟ್ಟು ಸಮೇತ ಹರಳುಪ್ಪಲ್ಲಿ ಹಾಕಿ ಮುರುಟಿಸಿ ಭರಣಿಲಿ ಇಟ್ಟುಬಿಟ್ರೆ ಉಪ್ಪುಮಿಡಿ ವರ್ಷಗಟ್ಲೆ ಕೆಡಲ್ಲ. ಖಾರ, ಸಾಸಿವೆ ಅರೆದು ಕೂಡಿಸೋದು ಆರ್ಡರ್ ಬಂದ ವಾರ ಮಾಡಿ. ಹಂಗಾದಾಗ ಗಿರಾಕಿಗೆ ಹೊಸ ಸಾಸಿವೆ ಘಾಟು ಸಿಗುತ್ತೆ, ನಿಮಗೆ ಖಾರದಪುಡಿ ದುಡ್ಡು ಮೊದಲೇ ಹಾಕೋ ತಾಪತ್ರಯ ಇಲ್ಲ. ಆದ್ರೆ ಮಿಡಿ ಕೊಳ್ಳೋವಾಗ ಚೌಕಾಸಿ ಮಾಡೋಕೆ ಹೋಗಿ ಮೋಸ ಹೋಗ್ಬೇಡಿ. ಕೊಯ್ಯೋವಾಗ ಮರದಿಂದ ಕೆಳಗೆ ಉದುರಿಸಿದ ಮಿಡಿಗೆ ಪೆಟ್ಟು ಬಿದ್ದಿರುತ್ತೆ, ಆಗ ಗೊತ್ತಾಗಲ್ಲ, ಭರಣಿಲಿ ಒಂದು ಕೊಳೆತರೆ ಸುತ್ತಲಿನದೆಲ್ಲ ಮೆತ್ತಗಾಗುತ್ತೆ. ಬುಟ್ಟಿ ಇಳಿಸಿ ತಂದ ಮಿಡಿಗೆ ನೂರಕ್ಕೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೇಳಿದ್ರೂ ಕೊಡಿ.

ಇನ್ನೊಂದು, ಎಲ್ಲಾನೂ ನೀವೇ ಮಾಡ್ಬೇಕು ಅಂತಿಲ್ಲ. ಪಕ್ಕದ್ಮನೆ ಶಾರದಕ್ಕನೋ ಸರೋಜಕ್ಕನೋ ಜೋನಿಬೆಲ್ಲ ಚೆನ್ನಾಗಿ ಕಾಯಿಸ್ತಾರೆ, ತೊಡದೇವು ಎರೀತಾರೆ, ಆದ್ರೆ ಅವ್ರಿಗೆ ಫೋನಲ್ಲಿ ಫೋಟೋ ಹಾಕೋದು, ಪಾರ್ಸಲ್ ಕಟ್ಟೋದು ಬರಲ್ಲ. ಅವ್ರ ರೇಟಿಗೆ 10 ಪರ್ಸೆಂಟ್ ಹಾಕಿ ನೀವು ಕಳ್ಸಿ, ಆ 10 ಪರ್ಸೆಂಟ್ ಎಷ್ಟು ಅನ್ನೋದು ಅವ್ರಿಗೂ ಗೊತ್ತಿರ್ಲಿ. ಮುಚ್ಚುಮರೆ ಮಾಡಿದ್ರೆ ಊರಲ್ಲಿ ಮಾತು ಹಬ್ಬೋಕೆ ಎರಡು ದಿನ ಸಾಕು.

ಕೊಳ್ಳೋರ ಹೆದ್ರಿಕೆ ತೆಗೀರಿ

ಇಡೀ ಬರಹದಲ್ಲಿ ಒಂದೇ ಭಾಗ ನೆನಪಿಡ್ತೀರಿ ಅಂದ್ರೆ ಇದನ್ನೇ ಇಟ್ಕೊಳ್ಳಿ. ಆಗ ರಷ್ಯಾದಲ್ಲಿ ಕ್ಯಾಟಲಾಗ್ ಬಟ್ಟೆ ತರಿಸಿಕೊಡೋ ಬೇರೆ ಜನಾನೂ ಇದ್ರು, ಆದ್ರೆ ಮುಂಗಡ ದುಡ್ಡು ಕೊಡ್ಬೇಕಿತ್ತು. ಬಟ್ಟೆ ಬರುತ್ತೋ ಇಲ್ವೋ, ಬಂದ್ರೂ ಅಳತೆ ಸರಿ ಆಗುತ್ತೋ ಇಲ್ವೋ ಅನ್ನೋ ಹೆದ್ರಿಕೆ ಜನಕ್ಕೆ. ತತ್ಯಾನಾ ಮುಂಗಡ ಬೇಡ ಅಂದ್ಲು. ಆಮೇಲೆ ಊರೂರಲ್ಲಿ ಪಾರ್ಸಲ್ ತಗೊಳ್ಳೋ ಸಣ್ಣ ಸೆಂಟರ್ ತೆರೆದ್ಲು, ಅಲ್ಲೇ ಬಟ್ಟೆ ಹಾಕ್ಕೊಂಡು ನೋಡೋ ಕೋಣೆ, ಕನ್ನಡಿ. ಹಾಕಿ ನೋಡಿ, ಹಿಡಿಸಿದ್ರೆ ದುಡ್ಡು ಕೊಟ್ಟು ಒಯ್ಯಿ, ಇಲ್ಲಾಂದ್ರೆ ಅಲ್ಲೇ ಬಿಟ್ಟು ಹೋಗಿ. ಹೆದ್ರಿಕೆನ ಗಿರಾಕಿ ತಲೆ ಮೇಲಿಂದ ಇಳಿಸಿ ತನ್ನ ತಲೆ ಮೇಲೆ ಹೊತ್ಕೊಂಡ್ಲು, ವ್ಯಾಪಾರ ಬೆಳೆದಿದ್ದು ಅದರಿಂದಲೇ ಅಂತ ನಾನು ನಂಬಿದೀನಿ.

ತಿನ್ನೋ ಸಾಮಾನಲ್ಲಿ ಹಾಕಿ ನೋಡಿ ವಾಪಸ್ ಕೊಡೋದು ಆಗಲ್ಲ. ಬಾಟ್ಲಿ ಒಡೆದು ರುಚಿ ನೋಡಿದ ಮೇಲೆ ಅದು ಮುಗೀತು. ಅದಕ್ಕೆ ನಾನು ಎರಡು ಕೆಲಸ ಮಾಡಿದೆ. ಮೊದಲನೇದು, ಹೊಸ ಗಿರಾಕಿ ಯಾರೇ ಆಗ್ಲಿ ಮೊದಲ ಸಲ ದುಡ್ಡು ಕೇಳಲ್ಲ, ಪಾರ್ಸಲ್ ಕೈಗೆ ಬಂದು ಊಟಕ್ಕೆ ಬಡಿಸ್ಕೊಂಡ ಮೇಲೆ ಕಳ್ಸಿ ಅಂತೀನಿ. ಎಲ್ರೂ ಬೈದ್ರು, ನಮ್ಮ ಭಾವನಂತೂ "ನಿಂಗೆ ತಲೆ ಸರಿ ಇದ್ಯಾ" ಅಂದ್ರು. ಮೊದಲ ವರ್ಷ 60 ಜನಕ್ಕೆ ಹಿಂಗೆ ಕಳ್ಸಿದೆ, ದುಡ್ಡು ಕೊಡದೆ ಹೋದೋರು ಇಬ್ರೇ. ಆ ಇಬ್ರಿಂದ ಹೋದ ದುಡ್ಡು ಒಂದು ಕಡೆ, ಉಳಿದೋರು ಅವ್ರ ನಾದಿನಿ, ಓರಗಿತ್ತಿ, ಆಫೀಸಿನೋರಿಗೆಲ್ಲ ಹೇಳಿ ತಂದುಕೊಟ್ಟ ಆರ್ಡರ್ ಇನ್ನೊಂದು ಕಡೆ. ಮೊದಲ ಸಲದ್ದು ಮಾತ್ರ ಕಾಲು ಕೇಜಿ ಮೇಲೆ ಕಳ್ಸಬೇಡಿ, ಅಷ್ಟು ಮಿತಿ ಇರ್ಲಿ.

ಎರಡನೇದು, ಪಾರ್ಸಲ್ ಸೆಂಟರ್. ಬೆಂಗ್ಳೂರಿನ ಒಂದೊಂದು ಮನೆಗೂ ಕಾಲು ಕೇಜಿ ಉಪ್ಪಿನಕಾಯಿ ಕೊರಿಯರ್ ಮಾಡಿದ್ರೆ ಪಾರ್ಸಲ್ ಖರ್ಚೇ ಅರ್ಧ ತಿಂದುಬಿಡುತ್ತೆ. ಅದರ ಬದ್ಲು ಒಂದೇ ಏರಿಯಾದ ಆರ್ಡರೆಲ್ಲ ಒಂದು ದೊಡ್ಡ ಬಾಕ್ಸಿಗೆ ತುಂಬಿ ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋದಲ್ಲಿ ಹಾಕೋದು, ಅದು 2021ರಿಂದ ಇದೆ, ಬಸ್ಸಲ್ಲೇ ಹೋಗುತ್ತೆ. ರಾತ್ರಿ ಸಾಗರದಲ್ಲೋ ಶಿವಮೊಗ್ಗದಲ್ಲೋ ಹಾಕಿದ್ದು ಬೆಳಿಗ್ಗೆ ಅಲ್ಲಿರುತ್ತೆ. ನನ್ನ ಚಿಕ್ಕಮ್ಮನ ಮಗಳು ವಿಜಯನಗರದಲ್ಲಿದ್ದಾಳೆ, ಬಾಕ್ಸ್ ಅವಳ ಮನೆಗೆ. ಆ ಕಡೆ ಗಿರಾಕಿಗಳು ಸಂಜೆ ವಾಕಿಂಗ್ ಬಂದಾಗ ತಗೊಂಡು ಹೋಗ್ತಾರೆ. ಪ್ಯಾಕೆಟ್ಟಿಗೆ ಇಷ್ಟು ಅಂತ ಅವಳಿಗೆ ಕೊಡ್ತೀನಿ, ತಂಗಿ ಅಂತ ಬಿಟ್ಟಿ ಮಾಡಿಸ್ಕೊಳ್ಳಲ್ಲ. ಶಿವಮೊಗ್ಗದಲ್ಲೂ ದುರ್ಗಿಗುಡಿ ಕಡೆ ಗೊತ್ತಿರೋರ ಟೈಲರ್ ಅಂಗಡಿಲಿ ಒಂದು ಶೆಲ್ಫ್ ಇಟ್ಟಿದೀನಿ, ಅಲ್ಲೊಂದು ಸಣ್ಣ ಡಬ್ಬಿಲಿ ರುಚಿ ನೋಡೋಕೆ ಕರಿದ ಹಪ್ಪಳದ ಚೂರು ಇರುತ್ತೆ. ತತ್ಯಾನಾಳ ಕನ್ನಡಿ ಕೋಣೆಗೆ ನಮ್ಮಲ್ಲಿ ಅದೇ ಸಮ.

ಸಾಮಾನು ಕೆಟ್ಟು ಹೋಯ್ತು ಅಂತ ಗಿರಾಕಿ ಫೋಟೋ ಕಳ್ಸಿದ್ರೆ ವಾದ ಬೇಡ. ದುಡ್ಡು ವಾಪಸ್, ಆ ದಿನವೇ. ನಾನು ಮೊದಲನೇ ಸೀಸನ್ನಲ್ಲಿ 18 ಗಾಜಿನ ಬಾಟ್ಲಿ ಒಂದು ಕೊರಿಯರಲ್ಲಿ ಹಾಕಿದ್ದೆ, 5 ಒಡೆದು ಎಣ್ಣೆ, ಖಾರ ಎಲ್ಲಾ ಹರಿದು ಉಳಿದ ಬಾಟ್ಲಿ ಲೇಬಲ್ಲೂ ಹಾಳಾಗಿ, ಜನಕ್ಕೆ ತಲುಪಿದಾಗ ನೋಡೋ ಹಂಗಿರ್ಲಿಲ್ಲ. ಕೊರಿಯರಿನೋರು ಪ್ಯಾಕಿಂಗ್ ನಿಮ್ಮದೇ ತಪ್ಪು ಅಂತ ಕೈತೊಳ್ಕೊಂಡ್ರು. ರಾತ್ರಿಯೆಲ್ಲ ಅಳು ಬಂತು ನಂಗೆ, ಆದ್ರೂ ಬೆಳಿಗ್ಗೆ ಎದ್ದು 18 ಜನಕ್ಕೂ ಫೋನ್ ಮಾಡಿ ಒಡೆದೋರಿಗೆ ಮಾತ್ರ ಅಲ್ಲ, ಎಲ್ರಿಗೂ ಹೊಸದು ಕಳ್ಸ್ತೀನಿ ಅಂದೆ. ಅದರಲ್ಲಿ 14 ಜನ ಇವತ್ತಿಗೂ ನನ್ನ ಹತ್ರವೇ ತಗೋತಾರೆ.

ಪ್ಯಾಕಿಂಗ್

ಬಾಟ್ಲಿ ಬಾಯಿವರೆಗೆ ತುಂಬಬೇಡಿ, ಒಂದು ಬೆರಳು ಜಾಗ ಬಿಡಿ, ಉಪ್ಪಿನಕಾಯಿ ಅಲ್ಲಾಡಿದಾಗ ಉಬ್ಬಿ ಬರುತ್ತೆ. ಮುಚ್ಚಳದ ಒಳಗೆ ಬೆಳ್ಳಿ ಬಣ್ಣದ ಫಾಯಿಲ್ ಹಾಳೆ ಅಂಟಿಸಿ ಸೀಲ್ ಮಾಡೋ ಸಣ್ಣ ಮೆಷಿನ್ ಬರುತ್ತೆ, ಕೈಲಿ ಹಿಡಿದು ಒತ್ತೋದು, ನಾಕೈದು ಜನ ಸೇರಿ ಒಂದು ತಗೊಂಡ್ರೂ ಆಗುತ್ತೆ. ಮುಚ್ಚಳದ ಸುತ್ತ ಟೇಪು, ಅದರ ಮೇಲೆ ಒಂದು ಕವರ್, ಅದನ್ನ ಇನ್ನೊಂದು ಕವರಲ್ಲಿ. ದೂರದ ಊರಿಗಾದ್ರೆ ಗಾಜು ಬಿಟ್ಟು ತಿನ್ನೋ ಪದಾರ್ಥಕ್ಕೆ ಅಂತಲೇ ಮಾಡಿದ ಗಟ್ಟಿ ಪ್ಲಾಸ್ಟಿಕ್ ಜಾರ್ ಒಳ್ಳೇದು. ಗಾಜೇ ಬೇಕು ಅನ್ನೋ ಗಿರಾಕಿ ಇದ್ರೆ ಬಾಕ್ಸಿನ ಒಳಗೆ ರಟ್ಟಿನ ಮನೆ ಮನೆ ಮಾಡಿ ಒಂದಕ್ಕೊಂದು ತಾಗದ ಹಂಗೆ ಇಡಿ. ಬಾಕ್ಸ್ ಎತ್ತಿ ಅಲ್ಲಾಡಿಸಿ, ಸದ್ದು ಬಂದ್ರೆ ಮತ್ತೆ ಬಿಚ್ಚಿ ಕಾಗದ ತುಂಬಿ.

ಹಪ್ಪಳ ಒಡೆಯದೆ ಹೋಗೋಕೆ ನಾನು ಕಂಡ್ಕೊಂಡಿದ್ದು ಅಡಿಕೆ ಹಾಳೆ. ಪ್ಯಾಕೆಟ್ ಅಳತೆಗೆ ಕತ್ತರಿಸಿ ಕೆಳಗೊಂದು ಮೇಲೊಂದು ಇಟ್ಟು ದಾರ ಕಟ್ಟಿದ್ರೆ ಮೇಲೆ ಭಾರ ಬಿದ್ರೂ ಏನೂ ಆಗಲ್ಲ. ಹಾಳೆ ಮಾತ್ರ ಚೆನ್ನಾಗಿ ತೊಳೆದು ಖಡಕ್ಕಾಗಿ ಒಣಗಿಸಿರ್ಬೇಕು, ಹಸಿ ಇದ್ರೆ ಹಾಳೆಯಿಂದಲೇ ಬೂಷ್ಟು ಹತ್ತುತ್ತೆ. ಬೆಂಗ್ಳೂರಿನೋರು ಆ ಹಾಳೆನ ಬಿಸಾಕಲ್ಲ, ಮಕ್ಕಳಿಗೆ ತೋರಿಸ್ತಾರಂತೆ, ಕೇಳಿ ಖುಷಿ ಆಯ್ತು.

ಪೋಸ್ಟ್ ಆಫೀಸ್ ಮರೀಬೇಡಿ. ಕೊರಿಯರ್ ಬರದ ಊರಿಗೂ ಪೋಸ್ಟ್‌ಮನ್ ಹೋಗ್ತಾರೆ. ಮುಂಚಿನ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ, ಸ್ಪೀಡ್ ಪೋಸ್ಟ್ ಅಂತಲೇ ಕೇಳಿ, ರಸೀದಿ ನಂಬರ್ ಫೋಟೋ ತೆಗೆದು ಗಿರಾಕಿಗೆ ಕಳ್ಸಿ.

ರೇಟ್ ಹಾಕೋದು

ಶಿವಮೊಗ್ಗದಲ್ಲಿ ಮದುವೆಗೆ ಮುಂಚೆ ಅಕೌಂಟ್ಸ್ ಬರೀತಿದ್ದೆ ನಾನು, ಅದಕ್ಕೆ ಈ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ಹೆಂಗಸ್ರು ತಮ್ಮ ಕೂಲಿನ ಲೆಕ್ಕಕ್ಕೇ ಹಿಡಿಯಲ್ಲ. "ಹಲಸಿನಕಾಯಿ ನಮ್ಮ ಮರದ್ದು, ಸೌದೆ ನಮ್ಮ ಬೆಟ್ಟದ್ದು, ಒತ್ತೋದು ನಾವೇ, ಖರ್ಚೆಂತ ಇಲ್ಲ" ಅಂತಾರೆ. ಇದೆ, ಖರ್ಚಿದೆ. ಒಂದು ದಿನಕ್ಕೆ 400 ಹಪ್ಪಳ ಒತ್ತಿದ್ರಿ ಅಂತ ಇಟ್ಕೊಳ್ಳಿ. ಬಲಿತ ಕಾಯಿ 6, ಒಂದಕ್ಕೆ 30 ರೂಪಾಯಿ ಹಿಡಿದ್ರೂ 180, ಮರ ನಿಮ್ಮದೇ ಆದ್ರೂ ಬರೀರಿ. ಉಪ್ಪು, ಮೆಣಸು, ಜೀರಿಗೆ, ಕೈಗೆ ಹಚ್ಚೋ ಎಣ್ಣೆ 120. ಮೂರು ಜನರ ಕೂಲಿ 400ರಂತೆ 1200, ಅದರಲ್ಲಿ ಒಂದು ಕೂಲಿ ನಿಮ್ಮದು. ಸೌದೆ 100. ಎರಡು ದಿನ ಕಾಗೆ, ಮಂಗ ಕಾಯ್ತಾ ಒಣಗಿಸೋದಕ್ಕೆ 200. ಎಲ್ಲಾ ಸೇರಿ 1800. ನಾನೂರರಲ್ಲಿ ಒಡೆದಿದ್ದು, ಸೊಟ್ಟಗಾಗಿದ್ದು, ಮಕ್ಕಳು ಹಸಿಯಾಗೇ ತಿಂದಿದ್ದು ಕಳೆದ್ರೆ 360 ಉಳೀತು, ಅಲ್ಲಿಗೆ ಒಂದು ಹಪ್ಪಳಕ್ಕೆ 5 ರೂಪಾಯಿ ಬಿತ್ತು. 25ರ ಪ್ಯಾಕೆಟ್ಟಿಗೆ 125, ಕವರ್ ಲೇಬಲ್ 15, ಆಯ್ತು 140. ಹಾಳಾಗಿದ್ದು, ವಾಪಸ್ ಕೊಟ್ಟಿದ್ದು ಇರುತ್ತಲ್ಲ ಅದಕ್ಕೊಂದು 14 ಸೇರ್ಸಿ 154. ಅದರ ಮೇಲೆ 31 ಲಾಭ ಇಟ್ಟರೆ 185. ಪಾರ್ಸಲ್ ಖರ್ಚು ಬೇರೆ. ಪಕ್ಕದ ಊರಲ್ಲಿ ಯಾರೋ 100ಕ್ಕೆ ಕೊಡ್ತಾರೆ ಅಂತ ನೀವೂ 100ಕ್ಕೆ ಕೊಟ್ರೆ ಪ್ಯಾಕೆಟ್ಟಿಗೆ 40 ರೂಪಾಯಿ, ಅಂದ್ರೆ ನಿಮ್ಮ ಸೊಂಟನೋವಿನ ಕೂಲಿನೇ, ಕೈಯಿಂದ ಕೊಟ್ಟಂಗೆ.

ಉಳಿದ ಮಾಲಿಗೆ ಮಾತ್ರ ರೇಟ್ ಇಳಿಸಿ. 2008ರಲ್ಲಿ ಪ್ರಪಂಚದಲ್ಲೆಲ್ಲ ಆರ್ಥಿಕ ಕುಸಿತ ಬಂದಾಗ ದೊಡ್ಡ ದೊಡ್ಡ ಬ್ರ್ಯಾಂಡ್‌ಗಳ ಹತ್ರ ಮಾಲು ಮಾರಾಟ ಆಗದೆ ಬಿದ್ದಿತ್ತು, ತತ್ಯಾನಾ ಅದನ್ನ ಕಡಿಮೆಗೆ ತಗೊಂಡು ಜನಕ್ಕೆ ಕಡಿಮೆಗೇ ಕೊಟ್ಲು, ಜನ ದುಡ್ಡಿಲ್ಲದ ಕಾಲದಲ್ಲಿ ಅವಳ ಕಡೆ ತಿರುಗಿದ್ರು. ನಮ್ಮಲ್ಲಿ ಒಡೆದ ಹಪ್ಪಳ ಇರುತ್ತಲ್ಲ, ಅದನ್ನ ಹಪ್ಪಳದ ಚೂರು ಅಂತಲೇ ಬರೆದು ಬೇರೆ ಪ್ಯಾಕ್ ಮಾಡಿ, ಪಿಜಿಲಿರೋ ಹುಡುಗ್ರು, ಹಾಸ್ಟೆಲ್ ಮಕ್ಳು ತಗೋತಾರೆ. ಒಳ್ಳೇ ಪ್ಯಾಕೆಟ್ ಒಳಗೆ ಚೂರು ಸೇರಿಸ್ಬೇಡಿ, ಒಂದು ಸಲ ಮಾಡಿದ್ರೂ ಗೊತ್ತಾಗುತ್ತೆ.

ಅಂಗಡಿಗೆ ಸಾಲ ಕೊಡೋ ಬಗ್ಗೆ ಒಂದು ಮಾತು. ಬೆಂಗ್ಳೂರಿನ ಒಂದು ಅಂಗಡಿಯೋರು ನಂದು 11 ಸಾವಿರದ ಮಾಲು ತಗೊಂಡು ಎಂಟು ತಿಂಗಳು ಸತಾಯಿಸಿದ್ರು, ಕೊನೆಗೆ ಅರ್ಧ ಬಂತು. ಮನೆ ಗಿರಾಕಿಗೆ ಕಾಲು ಕೇಜಿ ನಂಬಿ ಕಳ್ಸೋದೇ ಬೇರೆ, ಅಂಗಡಿಗೆ ಬಾಕ್ಸುಗಟ್ಲೆ ನಂಬಿ ಹಾಕೋದೇ ಬೇರೆ. ಅಂಗಡಿಗೆ ಹಿಂದಿನ ಬಿಲ್ ಬಂದ್ಮೇಲೇನೆ ಮುಂದಿನ ಬಾಕ್ಸ್.

ಸರ್ಕಾರಿ ಕಾಗದ ಪತ್ರ

ಇದು ಹೆದರೋವಷ್ಟು ಇಲ್ಲ. ತಿನ್ನೋ ಪದಾರ್ಥ ಮಾರೋಕೆ ಎಫ್‌ಎಸ್‌ಎಸ್‌ಎಐ, ಅಂದ್ರೆ ಕೇಂದ್ರದ ಆಹಾರ ಸುರಕ್ಷತೆ ಪ್ರಾಧಿಕಾರದ ನೋಂದಣಿ ಬೇಕೇ ಬೇಕು, ಮನೇಲಿ ಮಾಡಿದ್ರೂ ಬೇಕು. ಫೊಸ್ಕೋಸ್ ಅನ್ನೋ ವೆಬ್‌ಸೈಟಲ್ಲಿ ಅರ್ಜಿ, ಫೋಟೋ, ಗುರುತಿನ ಚೀಟಿ, ಮನೆ ವಿಳಾಸ. ನಾನು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ ಫೀ. ಸಿಗೋ 14 ಅಂಕಿ ನಂಬರನ್ನ ಲೇಬಲ್ ಮೇಲೆ ಹಾಕ್ಬೇಕು. ಜೊತೆಗೆ ಏನೇನು ಹಾಕಿದೀರಿ, ತೂಕ, ಮಾಡಿದ ದಿನ, ಎಷ್ಟು ದಿನದೊಳಗೆ ಬಳಸ್ಬೇಕು, ಬ್ಯಾಚ್ ನಂಬರ್, ಬೆಲೆ, ಸಸ್ಯಾಹಾರದ ಹಸಿರು ಚುಕ್ಕಿ, ನಿಮ್ಮ ವಿಳಾಸ, ಫೋನ್. ಬ್ಯಾಚ್ ನಂಬರ್ ಅಂದ್ರೆ ದೊಡ್ಡದೇನಲ್ಲ, ಯಾವ ದಿನ ಒತ್ತಿದ್ದು ಅಂತ ನಿಮಗೇ ಗೊತ್ತಾಗೋ ಹಂಗೊಂದು ಗುರುತು, ಒಬ್ರು ಕೆಟ್ಟಿದೆ ಅಂದ್ರೆ ಅದೇ ದಿನದ್ದು ಇನ್ಯಾರಿಗೆ ಹೋಗಿದೆ ಅಂತ ನೋಡೋಕೆ.

ಉದ್ಯಮ್ ನೋಂದಣಿ, ಅಂದ್ರೆ ಸಣ್ಣ ಉದ್ಯಮ ಅಂತ ಕೇಂದ್ರ ಸರ್ಕಾರದಲ್ಲಿ ಬರೆಸೋದು, ಪೂರ್ತಿ ಉಚಿತ. ಅದಕ್ಕೆ ದುಡ್ಡು ಕೇಳೋ ವೆಬ್‌ಸೈಟ್ ಸರ್ಕಾರದ್ದಲ್ಲ, ನಮ್ಮೂರಲ್ಲೇ ಇಬ್ರು ಕಟ್ಟಿ ಮೋಸ ಹೋಗಿದ್ದಾರೆ. ಜಿಎಸ್‌ಟಿ ವಿಷಯ ಹಿಂಗಿದೆ, ಕರ್ನಾಟಕದ ಒಳಗೆ ನೇರವಾಗಿ ಮಾರ್ತೀರಿ, ವರ್ಷದ ವಹಿವಾಟು 40 ಲಕ್ಷದ ಒಳಗಿದೆ ಅಂದ್ರೆ ನೋಂದಣಿ ಬೇಡ. ಹಪ್ಪಳಕ್ಕೆ ತೆರಿಗೆನೇ ಇಲ್ಲ. ಉಪ್ಪಿನಕಾಯಿಗೆ ಇದೆ, 12 ಪರ್ಸೆಂಟ್ ಇದ್ದಿದ್ದು 2025ರ ಸೆಪ್ಟೆಂಬರ್ 22ರಿಂದ 5ಕ್ಕೆ ಇಳಿದಿದೆ, ಅದನ್ನ ಮುಂಬೈಗೋ ಚೆನ್ನೈಗೋ ಕಳ್ಸೋದಾದ್ರೆ ನೋಂದಣಿ ಮಾಡಿಸ್ಬೇಕು. ಹೊರರಾಜ್ಯದ ಆರ್ಡರ್ ಬರೋಕೆ ಶುರು ಆದ ದಿನ ಒಬ್ಬ ಅಕೌಂಟೆಂಟ್ ಹತ್ರ ಹೋಗಿ ಕೂತು ಮಾತಾಡಿ, ಅದಕ್ಕೆ ಕೊಡೋ ದುಡ್ಡು ದಂಡ ಅಲ್ಲ.

ಕೆಲಸ ಬೆಳೆದಾಗ ಜೊತೆಗಿರೋರು

ಇಲ್ಲಿಂದ ಮುಂದೆ ತತ್ಯಾನಾ ಕತೇಲಿ ನಂಗೆ ಹಿಡಿಸದ ಭಾಗ. ಕಂಪನಿ ಅಷ್ಟೆತ್ತರ ಬೆಳೆದ ಮೇಲೆ ಆ ಪಾರ್ಸಲ್ ಸೆಂಟರ್ ನಡೆಸ್ತಿದ್ದ ಸಣ್ಣ ಜನರ ಮೇಲೆ, ವಾಪಸ್ ಬಂದ ಮಾಲು ಕೆಟ್ಟಿದ್ರೆ ಅದರ ದುಡ್ಡು ನೀವೇ ಕಟ್ಟಿ ಅಂತ ಹಾಕೋಕೆ ಶುರು ಆಯ್ತು. 2023ರ ಮಾರ್ಚಲ್ಲಿ ಅವ್ರಲ್ಲಿ ತುಂಬಾ ಜನ ಬಾಗಿಲು ಹಾಕಿ ಮುಷ್ಕರ ಮಾಡಿದ್ರು. ನೋಡಿ, ಶುರುವಲ್ಲಿ ಗಿರಾಕಿ ಹೆದ್ರಿಕೆನ ತಾನು ಹೊತ್ಕೊಂಡು ಬೆಳೆದ ಅಂಗಡಿ ಅದು, ಆಮೇಲೆ ಆ ಭಾರನ ಕೆಳಗಿನೋರ ತಲೆಗೆ ದಾಟಿಸ್ತು. ನನ್ನ ಜೊತೆ ಈಗ ಆರು ಜನ ಹಪ್ಪಳ ಒತ್ತೋಕೆ ಬರ್ತಾರೆ. ಮಳೆ ಬಂದು ಚಾಪೆ ನೆನೆದು ಹೋದ್ರೆ ಆ ದಿನದ ಕೂಲಿ ಕಡಿಯೋದಿಲ್ಲ, ಅದನ್ನ ಮೊದಲೇ ಹೇಳಿಬಿಟ್ಟಿದೀನಿ. ರೇಟ್ ಲೆಕ್ಕದಲ್ಲಿ ಪ್ಯಾಕೆಟ್ಟಿಗೆ 14 ರೂಪಾಯಿ ಸೇರಿಸಿದ್ದು ಇಂಥದ್ದಕ್ಕೂ ಹೌದು.

ಬೆಂಕಿ ವಿಷಯಾನೂ ಇಲ್ಲೇ ಹೇಳ್ತೀನಿ. 2024ರ ಜನವರಿಲಿ ಸೇಂಟ್ ಪೀಟರ್ಸ್‌ಬರ್ಗ್ ಹತ್ರ ವೈಲ್ಡ್‌ಬೆರೀಸ್ ಗೋಡೌನಿಗೆ ಬೆಂಕಿ ಬಿದ್ದು 70 ಸಾವಿರ ಚದರ ಮೀಟರ್‌ಗಿಂತ ಹೆಚ್ಚು ಜಾಗ ಉರಿದುಹೋಯ್ತು. ನಮ್ಮ ಮನೆಗಳಲ್ಲಿ ಹಪ್ಪಳದ ಡಬ್ಬಿ ಬೆಚ್ಚಗಿರ್ಲಿ ಅಂತ ಬಚ್ಚಲು ಹಂಡೆ ಒಲೆ ಪಕ್ಕ, ಇಲ್ಲಾ ಅಡಿಗೆಮನೆ ಅಟ್ಟದ ಮೇಲೆ ಇಡೋ ಅಭ್ಯಾಸ ಇದೆ. ರಟ್ಟು, ಕವರು, ಅಡಿಕೆ ಹಾಳೆ ಎಲ್ಲಾ ಅಲ್ಲೇ ರಾಶಿ. ದಯವಿಟ್ಟು ಪ್ಯಾಕಿಂಗ್ ಸಾಮಾನು ಒಲೆ ಇರೋ ಕೋಣೆಲಿ ಇಡ್ಬೇಡಿ.

ಮನೆಯೋರ ಜೊತೆ ಬರೆದಿಟ್ಕೊಳ್ಳಿ

ಇದನ್ನ ಓದುವಾಗ ನಂಗೆ ನಿಜಕ್ಕೂ ಸಂಕಟ ಆಗಿತ್ತು. ಇಪ್ಪತ್ತು ವರ್ಷ ಗಂಡ ಹೆಂಡ್ತಿ ಸೇರಿ ಕಟ್ಟಿದ ಕಂಪನಿ, ಕಾಗದದಲ್ಲಿ ತತ್ಯಾನಾಗೆ 99 ಪರ್ಸೆಂಟ್, ವ್ಲಾದಿಸ್ಲಾವ್‌ಗೆ 1 ಪರ್ಸೆಂಟ್. 2024ರಲ್ಲಿ ಅವಳು ರಸ್ ಅನ್ನೋ ಜಾಹೀರಾತು ಕಂಪನಿ ಜೊತೆ ಕಂಪನಿನ ಸೇರಿಸೋಕೆ ಹೊರಟ್ಲು, ಅವನು ಬೇಡ ಅಂದ, ಡೈವೋರ್ಸ್‌ವರೆಗೆ ಹೋಯ್ತು. ಸೆಪ್ಟೆಂಬರ್ 18ಕ್ಕೆ ಅವನು ಜನ ಕಟ್ಕೊಂಡು ಮಾಸ್ಕೋದಲ್ಲಿ ಕ್ರೆಮ್ಲಿನ್ ಹತ್ತಿರದ ಆಫೀಸಿಗೆ ಹೋದಾಗ ಗಲಾಟೆ ಆಗಿ ಗುಂಡು ಹಾರಿ ಇಬ್ರು ಸತ್ರು. ಯಾರದ್ದು ತಪ್ಪು ಅಂತ ಒಬ್ಬೊಬ್ರು ಒಂದೊಂದು ಹೇಳ್ತಾರೆ, ಸತ್ತೋರ ಮನೆಗೆ ಅದರಿಂದ ಏನು ಬಂತು. ಆಮೇಲೆ ಅವಳು ತನ್ನ ತವರಿನ ಹೆಸರು ಕಿಮ್ ಅಂತಲೇ ಮತ್ತೆ ಇಟ್ಕೊಂಡ್ಲು.

ನಮ್ಮ ಉಪ್ಪಿನಕಾಯಿಗೆ ಅಷ್ಟೆಲ್ಲ ಆಗಲ್ಲ ಅಂತ ಅನ್ಕೋಬೇಡಿ. ಓರಗಿತ್ತಿಯರು ಸೇರಿ ಶುರು ಮಾಡಿ ಮಾತು ಬಿಟ್ಟು ಒಂದೇ ಅಂಗಳಕ್ಕೆ ಬೇಲಿ ಹಾಕ್ಕೊಂಡಿರೋ ಮನೆ ನಾನೇ ಕಂಡಿದೀನಿ. ಅದಕ್ಕೆ ನಾನು ಎರಡನೇ ವರ್ಷವೇ ಎಲ್ರನ್ನೂ ಕೂರಿಸಿ ಬರೆಸಿದೆ. ಮಸಾಲೆ ಹದ ಅತ್ತೆದು, ಹಾಗಾಗಿ ಉಪ್ಪಿನಕಾಯಿ ಲಾಭದಲ್ಲಿ ಅವ್ರಿಗೆ ಮೂರನೇ ಒಂದು ಭಾಗ. ಮಿಡಿ, ಕಾಯಿ ತಂದುಕೊಡೋದು, ಬಾಕ್ಸ್ ಬಸ್‌ಸ್ಟ್ಯಾಂಡಿಗೆ ಒಯ್ಯೋದು ನಮ್ಮನೆಯೋರು, ಅವ್ರಿಗೆ ಬೈಕ್ ಪೆಟ್ರೋಲ್ ಮತ್ತೆ ತಿಂಗಳಿಗಿಷ್ಟು ಅಂತ. ಗಿರಾಕಿಗಳ ಫೋನ್ ನಂಬರ್ ಇರೋ ಪುಸ್ತಕ, ಬ್ಯಾಂಕ್ ಅಕೌಂಟು, ಲೇಬಲ್ ಮೇಲಿನ ಹೆಸರು ಯಾರದ್ದು ಅನ್ನೋದನ್ನ ಬಿಡಿಸಿ ಬರೆದಿದೀವಿ, ಜಗಳ ಆಗೋದು ಇವೇ ಮೂರಕ್ಕೆ. ನಾಳೆ ಒಬ್ರು ಬಿಡ್ತೀನಿ ಅಂದ್ರೆ ಏನು ಕೊಟ್ಟು ಕಳ್ಸೋದು ಅಂತಲೂ ಇದೆ. ಅತ್ತೆ ಮೊದ್ಲು "ಮನೆ ಒಳಗೆ ಎಂತ ಪತ್ರ ಮಾರಾಯ್ತಿ" ಅಂತ ಮುಖ ಸಪ್ಪಗೆ ಮಾಡ್ಕೊಂಡ್ರು, ಬರೆದಿದ್ದನ್ನ ಓದಿ ಹೇಳ್ದಾಗ ತಮ್ಮ ಪಾಲು ಕೇಳಿ ಸುಮ್ನೆ ಸ್ವಲ್ಪ ಹೊತ್ತು ಕೂತ್ರು, ಆಮೇಲೆ ಒಳಗೋಗಿ ಕನ್ನಡಕ ತಂದು ತಾವೇ ಇನ್ನೊಂದ್ಸಲ ಓದಿ ಸಹಿ ಹಾಕಿದ್ರು.

ಛಾಪಾ ಕಾಗದದ ಮೇಲೆ ಬರೆಸಿ, ಇಬ್ರು ಸಾಕ್ಷಿ ಇರ್ಲಿ, ಎಲ್ರ ಹತ್ರಾನೂ ಒಂದೊಂದು ಜೆರಾಕ್ಸ್ ಇರ್ಲಿ. ಫೆಬ್ರವರಿಲಿ ಮಿಡಿ ಬರೋ ಮುಂಚೆ ಈ ಕೆಲಸ ಮುಗಿಸ್ಕೊಳ್ಳಿ, ಮಿಡಿ ಬಂದ್ಮೇಲೆ ಮನೇಲಿ ಯಾರಿಗೂ ಕೂತು ಮಾತಾಡೋಕೆ ಪುರುಸೊತ್ತು ಸಿಗಲ್ಲ.